ಕಾಕಾನ ಹೊಲದ ಮಣ್ಣಿಗೆ ಹೋಗಿದ್ದೆ

ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ವರ್ಷವೇ ನಾನೂ ವಿಶ್ವವಿದ್ಯಾಲಯಕ್ಕೆ ಸೇರಿಕೊಂಡೆ. ವಿಷಯ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ. ನೆಲ, ನೀರು, ಗಿಡಮರಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದರ ಓದು. ಹುಮನಾಬಾದಿನಲ್ಲಿ, ಅದೂ ನಳದ ನೀರು ತನಗೆ ಮನಸ್ಸು ಬಂದಾಗ ಮಾತ್ರ ಬರುವ ಓಣಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ತೊಳೆದು, ಪಾತ್ರೆ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದ ಅನುಭವವಿದೆ. ಇನ್ನು ಕಲಿಯಲು ಉಳಿದಿರುವುದಾದರೂ ಏನು ಎಂಬ ಧೈರ್ಯದಿಂದಲೇ ಶುಲ್ಕ ಕಟ್ಟಿದ್ದೆ.

ನಮ್ಮ ಯಜಮಾನರಿಗೆ ಮಾತ್ರ ಮೊದಲ ದಿನದಿಂದಲೇ ಅನುಮಾನ. ಇವರ ಹೆಸರು ಶಿವರಾಜ. ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾರೆ. ಸುಟ್ಟ ಮೋಟಾರು ತಂದವರೆಲ್ಲ "ನಾವೇನೂ ಮಾಡಿಲ್ರಿ, ತಾನs ಸುಟ್ಟದ" ಎನ್ನುವುದನ್ನು ದಿನಾ ಕೇಳಿ ಕೇಳಿ, ಮನುಷ್ಯರ ಮಾತನ್ನು ನಂಬುವ ಶಕ್ತಿಯೇ ಇವರಲ್ಲಿ ಸುಟ್ಟುಹೋಗಿದೆ.

"ಅಲ್ಲ, ಸಂರಕ್ಷಣೆ ಅಂದ್ರ ಕಾಯೋದs ಅಲ್ಲೇನು?" ಎಂದು ಕೇಳಿದರು. "ಕಾಯಾಕ ಡಿಗ್ರಿ ಯಾಕ ಬೇಕು? ನಮ್ಮ ಲೈನಿನ್ಯಾಗ ಅಂಗಡಿ ಕಾಯೋ ವಾಚ್‌ಮನ್ ಯಾವ ಯುನಿವರ್ಸಿಟಿಗಿ ಹೋಗ್ಯಾನ?"

"ಅದು ಬ್ಯಾರೆ ರೀ, ಇದು ಬ್ಯಾರೆ."

"ಅಂವಾ ಕುರ್ಚಿ ಮ್ಯಾಲೆ ಕುಂತ ಕೂಡ್ಲೆ ಮಲ್ಕೋತಾನ. ನೀ ಪುಸ್ತಕ ತೆಗದ ಕೂಡ್ಲೆ ಮಲ್ಕೋತಿ. ನನಗೇನೂ ಫರಕ್ ಕಾಣವಲ್ದು."

ಪದವಿ ಬಂದ ದಿನ ಅದನ್ನು ಕಟ್ಟು ಹಾಕಿಸಿ ಇವರ ಅಂಗಡಿಯಲ್ಲೇ, ಮೋಟಾರುಗಳ ನಡುವೆ ತೂಗುಹಾಕುತ್ತೇನೆ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದೆ.

ಪರೀಕ್ಷೆಗಳೆಲ್ಲ ಮುಗಿದು ಕೊನೆಗೆ ಉಳಿದದ್ದು ಪ್ರಾಜೆಕ್ಟು. ನಮ್ಮ ಗೈಡ್ ಸರ್ ಮೈಸೂರಿನ ಕಡೆಯವರು. ಮಾತು ಬಲು ಮೆತ್ತಗೆ, ಅನುಮಾನ ಬಲು ಗಟ್ಟಿ. ಹಿಂದೊಮ್ಮೆ ಯಾರೋ ಒಬ್ಬ ಮಹಾಶಯ ತನ್ನ ಮನೆಯ ತುಳಸಿ ಕುಂಡದ ಮಣ್ಣನ್ನೇ ಬೇರೆ ಬೇರೆ ಪೊಟ್ಟಣ ಕಟ್ಟಿ ಬೇರೆ ಬೇರೆ ಊರಿನ ಮಣ್ಣೆಂದು ಒಪ್ಪಿಸಿದ್ದನಂತೆ. ಅಂದಿನಿಂದ ಅವರು ವಿದ್ಯಾರ್ಥಿಗಳನ್ನೂ ಮಣ್ಣನ್ನೂ ನಂಬುವುದಿಲ್ಲ.

"ಶಾಂತಾ ಅವರೇ," ಎಂದರು ಸರ್, "ಎಂದೂ ನೇಗಿಲು ತಾಕದ ನೆಲದಲ್ಲಿ ಆಳವಾದ ಗುಂಡಿ ತೆಗೆಸಿ. ಮೇಲಿನಿಂದ ಕೆಳಗಿನವರೆಗೆ ಪದರ ಪದರವಾಗಿ ಮಣ್ಣು ತನ್ನಿ. ಪಕ್ಕದ ಹೊಲದ ಮಣ್ಣಿನ ಜೊತೆ ಹೋಲಿಸಿದರೆ ಉಳುಮೆಯಿಂದ ನಾವು ಏನೇನು ಕಳೆದುಕೊಂಡಿದ್ದೇವೆ ಎಂದು ತಿಳಿಯುತ್ತದೆ. ಸೋಮವಾರ ಮಣ್ಣು ಬರಬೇಕು. ಮಣ್ಣು ಬರದಿದ್ದರೆ ಪದವಿ ಇಲ್ಲ."

ನೇಗಿಲು ತಾಕದ ನೆಲವನ್ನು ಎಲ್ಲಿಂದ ತರುವುದು? ನಮ್ಮ ಕಡೆ ಬದುವನ್ನೂ ಬಿಡದೆ ತೊಗರಿ ಹಾಕುತ್ತಾರೆ. ಯೋಚಿಸಿ ಯೋಚಿಸಿ ಕೊನೆಗೆ ನೆನಪಾದದ್ದು ಬಸವಕಲ್ಯಾಣದ ಆಚೆ ಮಂಠಾಳದಲ್ಲಿರುವ ನಮ್ಮ ವೀರಣ್ಣ ಕಾಕಾನ ಹೊಲ. ಕಾಕಾ ನಮ್ಮ ಅಪ್ಪನ ತಮ್ಮ. ನಾನು ಶಾಲೆ ಕಲಿತದ್ದು ಅವರ ಮನೆಯಲ್ಲಿದ್ದುಕೊಂಡೇ. ಮಕ್ಕಳಿಲ್ಲದ ಕಾಕಾ, ಕಾಕಿ ನನ್ನನ್ನೇ ಮಗಳಂತೆ ನೋಡಿಕೊಂಡರು. ಆ ಹೊಲದ ಮೂಲೆಯಲ್ಲಿ ಒಂದು ದೊಡ್ಡ ಬೇವಿನ ಗಿಡ. ಅದರ ಕೆಳಗೆ ಅಜ್ಜನ ಕಾಲದಿಂದಲೂ ನೇಗಿಲು ಹೂಡಿಲ್ಲ. ನಮ್ಮಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲೇ ಹೂಳುವ ರೂಢಿ. ಹೀಗಾಗಿ ಕಾಕಿ ತೀರಿಕೊಂಡಾಗ ಆ ಗಿಡದ ಒಂದು ಬದಿಗೆ ಅವಳ ಗದ್ದುಗೆ ಕಟ್ಟಿಸಿದ್ದರು. ಇನ್ನೊಂದು ಬದಿ ಮುಟ್ಟದೆ ಹಾಗೇ ಇತ್ತು. ವಿಜ್ಞಾನದ ದೃಷ್ಟಿಯಿಂದ ಅಪ್ಪಟ ಜಾಗ!

ಕಾಕಾನ ದೃಷ್ಟಿಯಿಂದ ಹೇಗೆ ಎಂಬುದನ್ನು ಮಾತ್ರ ನಾನು ಯೋಚಿಸಲಿಲ್ಲ. ಕಾಕಿ ಹೋದ ಮೇಲೆ ಕಾಕಾನಿಗೆ ಜಗತ್ತಿನಲ್ಲಿರುವವರೆಲ್ಲ ತಮ್ಮ ಹೊಲದ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಗುಮಾನಿ ಬಂದುಬಿಟ್ಟಿತ್ತು. ವಾರಕ್ಕೊಮ್ಮೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋಗಿ, ಪಹಣಿ ತೆಗೆಸಿ, ಹೊಲ ಇನ್ನೂ ತಮ್ಮ ಹೆಸರಿನಲ್ಲೇ ಇದೆಯೇ ಎಂದು ನೋಡಿಕೊಂಡು ಬರುತ್ತಿದ್ದರು. "ಆರಾಮ ಇದ್ದೀರೇನ್ರಿ?" ಎಂದು ಯಾರಾದರೂ ಕೇಳಿದರೆ ಅವರ ಕಿವಿಗೆ "ಇನ್ನೂ ಇದ್ದೀರೇನ್ರಿ?" ಎಂದು ಕೇಳಿಸುತ್ತಿತ್ತು.

ಇಂಥವರಿಗೆ ನಾನು ಫೋನು ಮಾಡಿ, ನೇರವಾಗಿ ವಿಷಯಕ್ಕೆ ಬರೋಣವೆಂದು, "ಕಾಕಾ, ಕಾಕಿ ಗದ್ದುಗಿ ಬಾಜೂಕ ಇನ್ನೊಂದು ಕುಣಿಗಿ ಜಾಗಾ ಅದ ಏನ್ರಿ?" ಎಂದು ಕೇಳಿದೆ. ಕುಣಿ ಎಂದರೆ ಗುಂಡಿ.

"ಯಾರಿಗಿ?" ಎಂದರು ಕಾಕಾ. ನಾನು ಉತ್ತರ ಕೊಡುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಇನ್ನು ಕಾಕಾನನ್ನು ಕೇಳಿ ಪ್ರಯೋಜನವಿಲ್ಲ, ಕೇಳಿದರೆ ಒಲ್ಲೆ ಎನ್ನುವುದು ಖಾತ್ರಿ ಎಂದು ತೀರ್ಮಾನಿಸಿದೆ. ಕಾಕಾ ಪಹಣಿಗೆಂದು ಹೋಗುವ ದಿನವೇ ಹೋಗಿ, ಅವರು ಬರುವುದರೊಳಗೆ ಗುಂಡಿ ತೆಗೆಸಿ, ಮಣ್ಣು ತುಂಬಿಕೊಂಡು, ಗುಂಡಿ ಮುಚ್ಚಿ, ಏನೂ ಆಗಿಲ್ಲವೆಂಬಂತೆ ಬಂದುಬಿಡಬೇಕು. ಯೋಜನೆ ಎಷ್ಟು ಚೆನ್ನಾಗಿತ್ತೆಂದರೆ ನನಗೇ ನನ್ನ ಮೇಲೆ ಗೌರವ ಹುಟ್ಟಿತು.

ಆ ದಿನ ಬೆಳಿಗ್ಗೆ ಇವರು ಇನ್ನೂ ಮಲಗಿದ್ದರು. ಇವರ ಸಲಿಕೆಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಹೊರಬಿದ್ದೆ. ಕೇಳಿದ್ದರೆ ಕೊಡುತ್ತಿರಲಿಲ್ಲ. ಪಕ್ಕದ ಮನೆಯ ಬಿಲ್ಕಿಸ್ ಆಪಾ ಅಂಗಳ ಗುಡಿಸುತ್ತಿದ್ದವರು ತಲೆ ಎತ್ತಿದರು.

"ಎಲ್ಲಿಗಿ ಶಾಂತಾಬಾಯಿ, ಇಷ್ಟ್ ಜಲ್ದಿ?"

ಬಸ್ಸಿನ ಹೊತ್ತಾಗಿತ್ತು. ನಡೆಯುತ್ತಲೇ ಹೇಳಿದೆ. "ವೀರಣ್ಣ ಕಾಕಾನ ಮಣ್ಣಿಗಿ ಹೊಂಟೇನ್ರಿ ಆಪಾ, ಮಂಠಾಳಕ್ಕ. ಇವ್ರು ಎದ್ರ ಹೇಳ್ರಿ."

ಈಗ ಒಂದು ವಿಷಯ ಹೇಳಬೇಕು. ನಮ್ಮ ಕಡೆ "ಮಣ್ಣಿಗೆ ಹೋಗುವುದು" ಎಂದರೆ ಒಂದೇ ಅರ್ಥ. ಸತ್ತವರನ್ನು ಹೂಳಲು ಹೋಗುವುದು. ಇದರಲ್ಲಿ ಜಾತಿ ಮತದ ಭೇದವಿಲ್ಲ. ಲಿಂಗಾಯತರೂ ಮಣ್ಣು ಕೊಡುತ್ತಾರೆ, ಮುಸಲ್ಮಾನರೂ ಮಣ್ಣು ಕೊಡುತ್ತಾರೆ. ಹುಟ್ಟಿದಾಗಿನಿಂದ ಈ ಮಾತು ಕೇಳುತ್ತಲೇ ಬೆಳೆದವಳು ನಾನು. ಆದರೆ ವಿಶ್ವವಿದ್ಯಾಲಯ ಸೇರಿದ ಮೇಲೆ ಮಣ್ಣಿನ ತೇವಾಂಶ, ಮಣ್ಣಿನ ಸವಕಳಿ, ಮಣ್ಣಿನ ಫಲವತ್ತತೆ ಎಂದು ಬಾಯಿಪಾಠ ಮಾಡಿ ಮಾಡಿ, ನನ್ನ ಪಾಲಿಗೆ ಮಣ್ಣು ಎಂದರೆ ಬರೀ ಮಣ್ಣಾಗಿ ಉಳಿದಿತ್ತು. ಓದು ಮನುಷ್ಯನನ್ನು ಎಷ್ಟು ಹಾಳು ಮಾಡುತ್ತದೆ ನೋಡಿ.

ಆಪಾ ಕಸಬರಿಗೆ ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಉರ್ದುವಿನಲ್ಲಿ ಏನನ್ನೋ ಪಿಸುಗುಟ್ಟಿದರು. ನನ್ನ ಓದಿಗೆ ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡೆ.

"ಸಬರ್ ಮಾಡ್ರಿ ಶಾಂತಾಬಾಯಿ. ಸಮಾಧಾನ ಮಾಡ್ಕೋರಿ," ಎಂದರು.

"ಸಬರ್ ಮಾಡಾಕ ಟೈಮ್ ಎಲ್ಲ್ಯದ ಆಪಾ? ಸೋಮವಾರ ಕೊಡಬೇಕು," ಎಂದು ನಾನು ಬಸ್‌ಸ್ಟ್ಯಾಂಡಿನ ಕಡೆ ಓಡಿದೆ.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಸೀರೆಯ ಗಂಟನ್ನು ಒಮ್ಮೆ ಒತ್ತಿ ನೋಡಿ, ಬಾಗಿ, ದನಿ ತಗ್ಗಿಸಿ ಕೇಳಿದ. "ಬಸವಕಲ್ಯಾಣದಾಗ ನಿಧಿ ಗಿಧಿ ತೆಗಿಯಾಕ ಹೊಂಟೀರೇನ್ರಿ ಅಕ್ಕಾರ?" ಅಲ್ಲ, ಸಂಶೋಧನೆಗೆ ಹೊರಟಿದ್ದೇನೆ ಎಂದೆ. "ಎಲ್ಲಾರೂ ಹಂಗs ಅಂತಾರ್ರಿ," ಎಂದು ಟಿಕೆಟ್ ಹರಿದು ಕೊಟ್ಟ.

ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಬೇಕು. ಇಳಿದು ನೋಡಿದರೆ ಎದುರಿಗೇ ಕಾಕಾ! ಚಹಾದಂಗಡಿಯ ಮುಂದೆ ನಿಂತು, ಬಸಿಯಲ್ಲಿ ಚಹಾ ಸುರಿದುಕೊಂಡು, ಅದರಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂದು ವಾದ ಮಾಡುತ್ತಿದ್ದರು. ನಾನು ಥಟ್ಟನೆ ಒಂದು ಕಂಬದ ಹಿಂದೆ ಸರಿದೆ. ನಾನೇನು ತೆಳ್ಳಗಿನ ಹೆಂಗಸಲ್ಲ. ಕಂಬ ನನ್ನ ಅರ್ಧದಷ್ಟನ್ನು ಮಾತ್ರ ಮುಚ್ಚಿತು. ಕಾಕಾ ಈ ಕಡೆ ನೋಡಿದಂತಾಯಿತು. ಆದರೆ ಏನೂ ಅನ್ನದೆ ಕಚೇರಿಯ ಕಡೆ ನಡೆದುಬಿಟ್ಟರು. ದೇವರು ನನ್ನ ಕಡೆ ಇದ್ದಾನೆ ಎಂದು ನಂಬಿದೆ.

ಮಂಠಾಳದಲ್ಲಿ ಇಳಿದವಳೇ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ, "ಕುಣಿ ತೋಡೋರು ಯಾರಾರ ಸಿಗ್ತಾರೇನ್ರಿ?" ಎಂದು ಕೇಳಿದೆ. ಕುಳಿತವರೆಲ್ಲ ಚಹಾದ ಕಪ್ಪು ಕೆಳಗಿಟ್ಟರು. ಒಬ್ಬ ಎದ್ದು ಹೋಗಿ ಮಾರುತಿ ಎಂಬವನನ್ನು ಕರೆತಂದ. ಗಟ್ಟಿಮುಟ್ಟಾದ ಆಳು. ಊರಿನಲ್ಲಿ ಕುಣಿ ತೋಡುವ ಕೆಲಸವೆಲ್ಲ ಇವನದೇ ಎಂದರು. ಎಂಥ ಕುಣಿ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಯಾರ ಹೊಲದಾಗ್ರಿ ಅಕ್ಕಾ?" ಎಂದ ಮಾರುತಿ.

"ವೀರಣ್ಣ ಕಾಕಾನ ಹೊಲದಾಗ. ಕಾಕಿ ಗದ್ದುಗಿ ಬಾಜೂಕ."

ಮಾರುತಿ ತಲೆಯ ಮೇಲಿನ ಟವಲು ತೆಗೆದ. "ಮೊನ್ನೆ ಸಂತ್ಯಾಗ ಮಾತಾಡ್ಸಿದ್ರಲ್ರಿ. ಈಗ ಎಲ್ಲಿ ಅದಾರ?"

"ಬಸವಕಲ್ಯಾಣದಾಗ ಅದಾರ. ಅವರು ಬರೋದ್ರಾಗ ಕೆಲಸ ಮುಗೀಬೇಕು ನೋಡು."

"ಮುಗಸ್ತೀನ್ರಿ. ಎಷ್ಟೊತ್ತಿಗಿ ಬರ್ತದ್ರಿ ಗಾಡಿ?"

"ಗಾಡಿ ಎಲ್ಲಿದು? ಮಧ್ಯಾಹ್ನದ ಬಸ್ಸಿಗಿ ಬರ್ತಾರ."

"ಬಸ್ಸಿಗಾ?" ಮಾರುತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಗಾಡಿ ಮಾಡ್ಲಿಲ್ಲೇನ್ರಿ?"

"ಕಾಕಾ ಸುಮ್‌ಸುಮ್ಕ ಖರ್ಚು ಮಾಡೋ ಮನಷ್ಯಾ ಅಲ್ಲ. ನಿನಗ ಗೊತ್ತಿಲ್ಲೇನು?"

ಅದು ಮಾತ್ರ ಖರೆ ಎಂಬಂತೆ ಅವನು ತಲೆಯಾಡಿಸಿದ.

ಹೊಲಕ್ಕೆ ಬಂದೆವು. ಬೇವಿನ ನೆರಳಿನಲ್ಲಿ ನಾನು ಟೇಪು ಹಿಡಿದು ಗುರುತು ಹಾಕಿಕೊಟ್ಟೆ. ಮಾರುತಿ ನೆಲಕ್ಕೆ ನಮಸ್ಕಾರ ಮಾಡಿ, "ಮುಖ ಯಾವ ಕಡಿ ಇರ್ಲಿರಿ?" ಎಂದು ಕೇಳಿದ. ನಾನು ಬೆರಗಾದೆ. ಗುಂಡಿಯ ಒಳಗೋಡೆಯಲ್ಲಿ ಯಾವ ಬದಿಯ ಪದರಗಳನ್ನು ನೋಡಿ ಬರೆದುಕೊಳ್ಳುತ್ತೇವೆಯೋ ಅದನ್ನು ನಮ್ಮ ಓದಿನಲ್ಲಿ ಮುಖ ಎನ್ನುತ್ತಾರೆ. ಮಂಠಾಳದಲ್ಲಿ ಇದನ್ನು ಬಲ್ಲವರಿದ್ದಾರೆಯೇ!

"ಬಿಸಿಲು ಬೀಳೋ ಕಡಿ ಇರ್ಲಿ. ಫೋಟೋ ಸಾಫ್ ಬರಬೇಕು."

"ಫೋಟೋನೂ ತೆಗೀತೀರೇನ್ರಿ?"

"ಮತ್ತ? ಯುನಿವರ್ಸಿಟಿಗಿ ಕಳಿಸಬೇಕು."

ಆಮೇಲೆ ಮಾರುತಿ ಆಗಾಗ ತಲೆ ಎತ್ತಿ ನನ್ನನ್ನು ನೋಡುತ್ತಿದ್ದ, ಮತ್ತೆ ಜೋರಾಗಿ ಅಗೆಯುತ್ತಿದ್ದ.

ಗುಂಡಿ ಅದ್ಭುತವಾಗಿ ಬಂತು. ಮೇಲೆ ಎರೆಮಣ್ಣು, ಅದರ ಕೆಳಗೆ ಕಂದು, ಅದರ ಕೆಳಗೆ ಸುಣ್ಣದ ಬಿಳಿ ಹರಳು, ತಳದಲ್ಲಿ ಸಣ್ಣಕಲ್ಲು ಬೆರೆತ ಗರಸು. ಒಂದೊಂದು ಪದರದ ಮಣ್ಣನ್ನೂ ಹಳೇ ಪೇಪರಿನ ಮೇಲೆ ಗುಡ್ಡೆ ಮಾಡಿ, ಚೀಟಿ ಸಿಕ್ಕಿಸಿ, ಗುಂಡಿಯ ಅಂಚಿನಲ್ಲಿ ಸಾಲಾಗಿ ಇಟ್ಟೆ. ಆರಿದ ಮೇಲೆ ಚೀಲಕ್ಕೆ ತುಂಬಿದರಾಯಿತು. ನನ್ನ ಪದವಿ ಅಲ್ಲಿ ಸಾಲಾಗಿ ಒಣಗುತ್ತಿತ್ತು. ಅಷ್ಟು ಹೊತ್ತೂ ಫೋನು ಚೀಲದಲ್ಲಿ ನಡುಗುತ್ತಲೇ ಇತ್ತು. ಇವರೇ. ಸಲಿಕೆ ಕೇಳಲು ಎಂದು ನಾನು ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಹೊಲದ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಒಂದು ಕ್ರೂಸರ್ ಜೀಪು ಬಂತು. ಮೊದಲು ಇಳಿದವರು ನಮ್ಮ ಯಜಮಾನರು. ಕೈಯಲ್ಲಿ ದೊಡ್ಡ ಹೂವಿನ ಮಾಲೆ. ಹಿಂದೆ ಬಿಲ್ಕಿಸ್ ಆಪಾ, ಅವರ ಹಿಂದೆ ಹುಮನಾಬಾದಿನ ನಮ್ಮ ನೆಂಟರಿಷ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಅನುಮಾನಪಟ್ಟ ಮನುಷ್ಯ, ಕೊನೆಗೂ ನನ್ನ ಓದಿನ ಬೆಲೆ ತಿಳಿದು, ಬಂಧುಬಳಗ ಸಮೇತ ಸನ್ಮಾನಕ್ಕೆ ಬಂದಿದ್ದಾರೆ!

"ಇಷ್ಟ್ಯಾಕ ಜಲ್ದಿ ಮಾಡಿದ್ರಿ?" ಎಂದೆ ನಾಚಿಕೊಂಡು. "ಡಿಗ್ರಿ ಇನ್ನೂ ಎಲ್ಲಿ ಬಂದದ?"

ಇವರು ಮಾಲೆ ಹಿಡಿದುಕೊಂಡು ಹಾಗೇ ನಿಂತರು. ಆಪಾ ಬಂದು ನನ್ನನ್ನು ಅಪ್ಪಿಕೊಂಡು ಅತ್ತರು. ನೆಂಟರೂ ಅತ್ತರು. ಏಕೆಂದು ತಿಳಿಯದಿದ್ದರೂ ಎಲ್ಲರೂ ಅಳುತ್ತಿದ್ದರಿಂದ ನಾನೂ ಸ್ವಲ್ಪ ಅತ್ತೆ. ಅಳುತ್ತಲೇ, "ಯಾರು ಹೋದ್ರು ಆಪಾ?" ಎಂದು ಕೇಳಿದೆ.

ಆಪಾ ನನ್ನನ್ನು ಬಿಟ್ಟು ಹಿಂದೆ ಸರಿದರು. ಇವರು ನನ್ನ ಮುಖ ನೋಡಿದರು, ಗುಂಡಿ ನೋಡಿದರು, ಕೊನೆಗೆ ಗುಂಡಿಯ ಪಕ್ಕ ಬಿದ್ದಿದ್ದ ತಮ್ಮ ಸಲಿಕೆ ನೋಡಿದರು.

"ಮುಂಜಾನಿ ನೀ ಆಪಾನ ಮುಂದ ಏನು ಹೇಳಿ ಬಂದಿ?"

"ಕಾಕಾನ ಮಣ್ಣಿಗಿ..." ಎನ್ನುವಷ್ಟರಲ್ಲಿ ನನ್ನ ನಾಲಿಗೆ ಅಲ್ಲೇ ನಿಂತಿತು.

ಅಷ್ಟರಲ್ಲಿ ಬದುವಿನ ಕಡೆಯಿಂದ ಗುಡುಗಿನಂಥ ದನಿ ಕೇಳಿತು. ಬಸ್ಸಿಳಿದು ಬಂದ ಕಾಕಾ. ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಹೊಸದಾಗಿ ತೆಗೆಸಿದ ಪಹಣಿ.

"ಯಾರ್ದದು ಕುಣಿ? ನನ್ನ ಹೊಲದಾಗ ಯಾರ್ನ ತಂದು ಹುಗಿಯಾಕತ್ತೀರಿ? ಇವತ್ತ ಹುಗೀತೀರಿ, ನಾಳಿ ಜಾಗಾ ನಮ್ದs ಅಂತೀರಿ. ನನಗ ತಿಳೀವಲ್ದೇನು? ಪಹಣಿ ನನ್ನ ಹೆಸರಿಲೆ ಅದ. ಸತ್ತವರು ಯಾರು, ಮೊದಲ ಅದನ್ನ ಹೇಳ್ರಿ."

ಇವರು ಮಾಲೆಯನ್ನು ಬೆನ್ನ ಹಿಂದೆ ಮಾಡಿಕೊಂಡರು. ಕೊನೆಗೆ ಮಾರುತಿ ಗುಂಡಿಯೊಳಗಿನಿಂದ ತಲೆ ಹೊರಗೆ ಹಾಕಿ, ಬಲು ವಿನಯದಿಂದ ಹೇಳಿದ.

"ನೀವs ರೀ, ಗೌಡ್ರ."

ಕಾಕಾ ಮೆಲ್ಲಗೆ ಬಂದು ಕಾಕಿಯ ಗದ್ದುಗೆಯ ಅಂಚಿಗೆ ಕುಳಿತರು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಓದು, ಗೈಡ್ ಸರ್, ನೇಗಿಲು ತಾಕದ ನೆಲ, ಸೋಮವಾರ, ಎಲ್ಲ. ಕಾಕಾ ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

"ಬಸ್‌ಸ್ಟ್ಯಾಂಡಿನ್ಯಾಗ ಕಂಬದ ಹಿಂದ ಅರ್ಧಾ ಕಾಣಾಕತ್ತಿದ್ದಾಕಿ ನೀನs ಅಲ್ಲೇನು?"

"ಹೌದ್ರಿ."

"ಫೋನಿನ್ಯಾಗ ಜಾಗಾ ಅದ ಏನು ಅಂತ ಕೇಳಿದಿ. ಇವತ್ತ ನನ್ನ ನೋಡಿ ಅಡಗಿದಿ. ಬಂದು ಕುಣಿ ತೋಡಿಸಿದಿ. ಅಳಿಯಾ ಮಾಲಿ ತಂದಾನ." ಕಾಕಾ ಕೈ ಚಾಚಿ ಇವರ ಬೆನ್ನ ಹಿಂದಿನಿಂದ ಮಾಲೆ ಎಳೆದು ನೋಡಿದರು. "ಬರೇ ಚೆಂಡು ಹೂವಾ? ಹುಮನಾಬಾದದಾಗ ಗುಲಾಬಿ ಸಿಗಲಿಲ್ಲೇನು?"

"ಗಡಿಬಿಡ್ಯಾಗ್ರಿ ಮಾವಾರ," ಎಂದರು ಇವರು.

ಕಾಕಾ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಸಣ್ಣಾಕಿ ಇದ್ದಾಗ ಪಾಟಿ ಬೇಕು, ಪೆನ್ಸಿಲ್ ಬೇಕು ಅಂತ ನನ್ನ ಮುಂದ ನಿಂತು ಕೇಳ್ತಿದ್ದಿ. ಯಾವತ್ತರ ಇಲ್ಲ ಅಂದೀನೇನು? ಕಾಕಾ, ಓದಾಕ ಮಣ್ಣು ಬೇಕು ಅಂದಿದ್ರ ನಾನs ತೋಡಿ ಕೊಡ್ತಿದ್ದೆ. ಊರ ಮಂದಿ ನನಗ ಅನುಮಾನದ ಮನಷ್ಯಾ ಅಂತಾರ. ನೀ ಏನವ್ವಾ, ನನ್ಕಿಂತ ಕಡಿಮಿ ಇದ್ದೀಯೇನು?"

ನನಗೆ ಬಹಳ ನಾಚಿಕೆಯಾಯಿತು. ಅತ್ತೆ. ಈ ಸಲ ಏಕೆಂದು ತಿಳಿದೇ ಅತ್ತೆ.

ಕಣ್ಣೊರೆಸಿಕೊಂಡು ಈ ಕಡೆ ತಿರುಗಿದರೆ ಇನ್ನೊಂದು ಅನಾಹುತ ಶುರುವಾಗಿತ್ತು. ಮಾರುತಿ ಮೇಲೆ ಬಂದು ನೆಂಟರಿಗೆ ತಿಳಿಸಿ ಹೇಳುತ್ತಿದ್ದ. "ಒಬ್ಬರ ಹೆಸರು ಹೇಳಿ ತೋಡಿದ ಕುಣಿ ಖಾಲಿ ಬಿಡಬಾರದ್ರಿ. ಟೆಂಗಿನಕಾಯಿ ಇಟ್ಟು ಎಲ್ಲಾರೂ ಮಣ್ಣು ಕೊಟ್ಟು ಮುಚ್ಚಬೇಕು. ಗೌಡ್ರ ಆಯುಷ್ಯಕ್ಕ ಛಲೋ."

ಆಯುಷ್ಯದ ಮಾತು ಬಂದ ಮೇಲೆ ಯಾರು ಸುಮ್ಮನಿರುತ್ತಾರೆ? ಹೇಗೂ ಮಣ್ಣಿಗೆಂದೇ ಬಂದವರು. ಮಣ್ಣೂ ಸಿದ್ಧವಾಗಿತ್ತು. ಸಾಲಾಗಿ, ಪೇಪರಿನ ಮೇಲೆ, ಕೈಗೆ ಸಿಗುವಂತೆ, ಗುಡ್ಡೆ ಗುಡ್ಡೆಯಾಗಿ! ಬಂದವರಿಗೆ ತೊಂದರೆಯಾಗದಿರಲೆಂದು ನಾನೇ ಏರ್ಪಾಟು ಮಾಡಿಟ್ಟಿದ್ದೇನೆ ಎಂದು ಎಲ್ಲರೂ ತಿಳಿದರು. ನಾನು ಬ್ಯಾಡ ಬ್ಯಾಡ ಎನ್ನುತ್ತ ಓಡುವಷ್ಟರಲ್ಲಿ ಎರೆಮಣ್ಣಿನ ಗುಡ್ಡೆ ಹೋಗಿತ್ತು. ಕಂದು ಮಣ್ಣು ಆಪಾನ ಮುಷ್ಟಿಯಲ್ಲಿತ್ತು.

"ಆಪಾ, ಅದು ನನ್ನ ಡಿಗ್ರಿ ರೀ."

"ಸವಾಬಿನ ಕೆಲಸ ಶಾಂತಾಬಾಯಿ, ಪುಣ್ಯ ಬರ್ತದ, ನಡು ಬಾಯಿ ಹಾಕಬ್ಯಾಡ್ರಿ," ಎಂದು ಆಪಾ ಭಕ್ತಿಯಿಂದ ಮುಷ್ಟಿ ಬಿಚ್ಚಿದರು. ಇವರೂ ಕೊಟ್ಟರು. ಕೊನೆಗೆ ಕಾಕಾ ಎದ್ದು ಬಂದು, ಉಳಿದಿದ್ದ ಗರಸನ್ನು ಹಿಡಿಯಲ್ಲಿ ತೆಗೆದುಕೊಂಡು, ತಮ್ಮ ಕುಣಿಗೆ ತಾವೇ ಮಣ್ಣು ಕೊಟ್ಟರು. ಆಮೇಲೆ ಮಾರುತಿ ನಮ್ಮದೇ ಸಲಿಕೆಯಿಂದ ಎಲ್ಲವನ್ನೂ ಕಲಸಿ ಮುಚ್ಚಿದ. ಅಜ್ಜನ ಕಾಲದಿಂದ ಪದರ ಪದರವಾಗಿ ಉಳಿದಿದ್ದ ನೆಲ ಖಿಚಡಿಯಾಯಿತು. ಸಂರಕ್ಷಣೆ ಓದಿದವಳು ಮಾಡಿದ ಸಂರಕ್ಷಣೆ ಇದು.

ಸೋಮವಾರ ಗೈಡ್ ಸರ್‌ಗೆ ಫೋಟೋಗಳನ್ನು ತೋರಿಸಿದೆ. ಗುಂಡಿ, ಮಾಲೆ, ಸುತ್ತ ನಿಂತ ಜನರನ್ನು ನೋಡಿ, "ಗ್ರಾಮಸ್ಥರ ಸಹಭಾಗಿತ್ವ ಬಹಳ ಚೆನ್ನಾಗಿದೆ. ಮಣ್ಣೆಲ್ಲಿ?" ಎಂದರು. ನಾನು ಹೇಳಿದ ಕಥೆಯನ್ನು ಅವರು ನಂಬಲಿಲ್ಲ. ತುಳಸಿ ಕುಂಡದ ಕಥೆಯೇ ಇದಕ್ಕಿಂತ ಮೇಲು ಎಂದು ಅವರ ಮುಖ ಹೇಳುತ್ತಿತ್ತು. ಆ ಜಾಗದ ಮಣ್ಣು ತರುವವರೆಗೆ ಪ್ರಾಜೆಕ್ಟು ಬಾಕಿ ಎಂದು ಬರೆದುಕೊಂಡರು.

ಮುಂದಿನ ವಾರವೇ ಮಂಠಾಳಕ್ಕೆ ಹೋದೆ. ಈ ಸಲ ಕಾಕಾನ ಎದುರು ನಿಂತು ನೇರವಾಗಿ ಕೇಳಿದೆ. "ಕಾಕಾ, ಓದಾಕ ಮಣ್ಣು ಬೇಕ್ರಿ. ಕುಣಿಯ ಆಚೆ ಬದಿಗಿ ಸ್ವಲ್ಪ ಜಾಗಾ ಉಳದದ. ಅಲ್ಲಿ ತೋಡ್ಲೇನ್ರಿ?"

ಕಾಕಾ ಬೇವಿನ ಗಿಡದ ಕಡೆ ನೋಡಿದರು.

"ಆ ಗಿಡದ ಬುಡಕ್ಕ ಇನ್ನ ಸಲಿಕೆ ಹಚ್ಚೋದು ಒಂದs ಸಲ," ಎಂದರು. "ನನ್ನ ಮಣ್ಣಿಗಿ ಬರ್ತಿಯಲ್ಲ, ಆವಾಗ ಚೀಲಾ ತಗೊಂಡು ಬಾ. ಕುಣಿ ಹ್ಯಾಂಗೂ ತೋಡ್ತಾರ. ನಿನಗ ಎಷ್ಟು ಬೇಕೋ ಅಷ್ಟು ತುಂಬ್ಕೋ. ಯಾರಾರ ಏನಾರ ಅಂದ್ರ, ಕಾಕಾನs ಕೊಟ್ಟಾರ ಅಂತ ಹೇಳು."

ನಾನು ನಗಬೇಕೆಂದುಕೊಂಡೆ, ಆಗಲಿಲ್ಲ. ಕಾಕಾನೇ ನಕ್ಕರು.

ನಿನ್ನೆ ಗೈಡ್ ಸರ್ ಫೋನು ಮಾಡಿದ್ದರು. "ಶಾಂತಾ ಅವರೇ, ಮಣ್ಣು ಯಾವಾಗ ಬರುತ್ತದೆ?"

"ಆದಷ್ಟು ತಡವಾಗಿ ಬರಲಿ ಸರ್," ಎಂದೆ.

ನಿಮಗೆ ಓದುವ ಇಚ್ಛೆ ಇದೆಯೋ ಇಲ್ಲವೋ ಎಂದು ಕೇಳಿದರು. ಇದೆ ಸರ್, ಆದರೆ ಅವಸರವಿಲ್ಲ ಎಂದೆ. ಈಗ ಅವರಿಗೂ ನನ್ನ ಮೇಲೆ ಅನುಮಾನ.